ಖಾರದ ಪಟ್ಟಾಭಿಷೇಕ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಹೊಗಳಿಕೆ ಎಂದರೆ ಬಹಳ ಆಸೆ. ಕೆಲವರಿಗೆ ಹೊಗಳಿದರೆ ಮುಜುಗರವಾಗುತ್ತದಂತೆ, 'ಅಷ್ಟೇನಿಲ್ಲ ಬಿಡಿ' ಎಂದು ತಲೆ ತಗ್ಗಿಸುತ್ತಾರಂತೆ. ನನಗೆ ಆ ಕಷ್ಟ ಇಲ್ಲ. ಯಾರಾದರೂ ಹೊಗಳಲು ಶುರು ಮಾಡಿದರೆ ನಾನು ಕುರ್ಚಿ ಎಳೆದುಕೊಂಡು ಕೂರುವವಳು. ಇಂಥ ನನ್ನನ್ನು ದೇವರು ಹುಡುಕಿ ಹುಡುಕಿ, ಹೊಗಳುವ ಪದ್ಧತಿಯೇ ಇಲ್ಲದ ಮನೆಗೆ ಸೊಸೆಯಾಗಿ ಕಳಿಸಿದ. ಹಾವೇರಿಯ ಈ ಮನೆಯಲ್ಲಿ ಪಲ್ಯ ಚೆನ್ನಾಗಿದ್ದರೆ ಎಲ್ಲರೂ ಸುಮ್ಮನೆ ಉಣ್ಣುತ್ತಾರೆ, ಕೆಟ್ಟಿದ್ದರೆ ಮಾತ್ರ ಬಾಯಿ ಬಿಡುತ್ತಾರೆ. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ನೂರಕ್ಕೆ ನೂರು ತೆಗೆದ ಹುಡುಗನಿಗೂ 'ಅಕ್ಷರ ಸ್ವಲ್ಪ ದುಂಡಗ ಬರಿ' ಎಂದು ಹೇಳಿ ಕಳಿಸುವವರು. ಡಿಗ್ರಿ ಓದುತ್ತಿರುವ ಮಗಳು ಸಂಜನಾ, ನಾನು ಬೆಳಗಿನಿಂದ ನಿಂತು ಹೋಳಿಗೆ ಮಾಡಿದರೂ 'ಓಕೆ ಮಮ್ಮಿ' ಅನ್ನುತ್ತಾಳೆ. ಇನ್ನು ನಮ್ಮ ಅತ್ತೆ. ಅವರ ಬಾಯಿಂದ ಒಂದು 'ಚೊಲೊ ಐತಿ' ಕೇಳಬೇಕೆಂದು ಮದುವೆಯಾದಾಗಿನಿಂದ ಕಾಯುತ್ತಿದ್ದೆ.

ಅದೂ ಬೇರೆ ಯಾವುದಕ್ಕೂ ಅಲ್ಲ, ಖಾರಕ್ಕೆ. ಈ ಕಡೆ ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಮಸಾಲಿ ಖಾರ ಮಾಡಿಟ್ಟುಕೊಳ್ಳುತ್ತೇವೆ. ಬರೀ ಮೆಣಸಿನಪುಡಿ ಅಂದುಕೊಳ್ಳಬೇಡಿ. ಅದರಲ್ಲಿ ಹುರಿದ ಹವೀಜ, ಅಂದರೆ ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಒಣಕೊಬ್ಬರಿ, ಬೆಳ್ಳುಳ್ಳಿ, ಲವಂಗ, ಚಕ್ಕೆ, ಇಂಗು ಎಲ್ಲವೂ ಇರುತ್ತವೆ. ಪಲ್ಯಕ್ಕೂ ಅದೇ, ಸಾರಿಗೂ ಅದೇ, ಏನೂ ಇಲ್ಲದ ದಿನ ರೊಟ್ಟಿಯ ಮೇಲೆ ಒಂದಿಷ್ಟು ಹಾಕಿ ಎಣ್ಣೆ ಬಿಟ್ಟುಕೊಂಡರೆ ಊಟವೂ ಅದೇ. ಒಂದು ಮನೆಯ ಖಾರ ಇನ್ನೊಂದು ಮನೆಯ ಖಾರದಂತೆ ಇರುವುದಿಲ್ಲ. ನಮ್ಮ ಅತ್ತೆಯ ತವರು ಬ್ಯಾಡಗಿ. ಅವರ ತಮ್ಮ ಅಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುತ್ತಾರೆ. ಮೆಣಸಿನಕಾಯಿಯ ರಾಶಿಯ ನಡುವೆಯೇ ಕೂತ ಆ ಮಾವನ ಮನೆಗೂ ವರ್ಷದ ಖಾರ ಹೋಗುವುದು ಹಾವೇರಿಯ ಅಕ್ಕನ ಕೈಯಿಂದ. ರಾಣೆಬೆನ್ನೂರಿನಲ್ಲಿರುವ ನನ್ನ ನಾದಿನಿ ಶೈಲಾಳ ಮನೆಗೂ ಅಷ್ಟೇ. ಇದರ ಮೇಲೆ ಅತ್ತೆಗೆ ಎಷ್ಟು ಹೆಮ್ಮೆ ಇರಬೇಡ.

ಖಾರದ ಕೆಲಸದಲ್ಲಿ ನಮ್ಮ ಮನೆಯಲ್ಲಿ ಹುದ್ದೆಗಳಿವೆ. ಮೆಣಸಿನಕಾಯಿ ಆರಿಸುವುದು, ಮಸಾಲೆ ಹುರಿಯುವುದು, ಉಪ್ಪು ಹಾಕುವುದು ಅತ್ತೆಯದು. ಮಾಳಿಗೆಯ ಮೇಲೆ ಕಾಯಿ ಹರವಿ ಕಾಯುವುದು ಸಂಜನಾಳದು. ಅವಳು ಕೊಡೆ ಹಿಡಿದು ಮೊಬೈಲ್ ನೋಡುತ್ತಾ ಕಾಯುತ್ತಾಳೆ. ಗಿರಣಿಗೆ ಹೊತ್ತೊಯ್ಯುವುದು ಯಜಮಾನರದು. ನನ್ನದು ತುಂಬು ಬಿಡಿಸುವ ಹುದ್ದೆ, ಅಂದರೆ ಒಂದೊಂದೇ ಕಾಯಿಯ ತೊಟ್ಟು ಮುರಿಯುವುದು. ಸೇರಿದ ವರ್ಷ ಯಾವ ಹುದ್ದೆಯೋ ನಂತರವೂ ಅದೇ ಹುದ್ದೆ. ನಾನು ಕೆಲಸ ಮಾಡುವ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿದವಳಿಗೆ ಎರಡು ಸಲ ಬಡ್ತಿ ಸಿಕ್ಕಿತು, ಮನೆಯಲ್ಲಿ ಒಂದೂ ಸಿಗಲಿಲ್ಲ. ಒಮ್ಮೆ ಧೈರ್ಯ ಮಾಡಿ, 'ಅತ್ತಿ, ಈ ವರ್ಷ ಹವೀಜ ನಾ ಹುರೀಲೇನ್ರಿ' ಎಂದು ಕೇಳಿದ್ದೆ. ಅವರು ಸೌಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, 'ನೀ ನೌಕರಿ ಮಾಡಿ ದಣದಿರ್ತಿ ಗಿರಿಜಾ, ಕುಂತ ತುಂಬು ಬಿಡಸು' ಅಂದರು. ಎಷ್ಟು ಕಾಳಜಿ ನೋಡಿ. ಇಂಥ ಕಾಳಜಿಯ ಎದುರು ಜಗಳ ಆಡುವುದಾದರೂ ಹೇಗೆ?

ಹೋದ ಬೇಸಿಗೆಯಲ್ಲಿ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಅದೇ ವಾರ ಬ್ಯಾಡಗಿ ಮಾವ ಕಾಯಿಯ ಚೀಲ ಕಳಿಸಿಬಿಟ್ಟರು. ಡಾಕ್ಟರು ಹೊಗೆ, ಧೂಳು, ಒಗ್ಗರಣೆಯ ಘಾಟು ಯಾವುದೂ ಸೋಕಬಾರದು ಅಂದಿದ್ದರು. ಹೀಗಿರುವಾಗ ಖಾರ ಮಾಡುವ ಮನೆಯಲ್ಲಿ ಅವರನ್ನು ಇಟ್ಟುಕೊಳ್ಳುವುದುಂಟೆ? ರಾಣೆಬೆನ್ನೂರಿನ ಮಗಳ ಮನೆಗೆ ಕಳಿಸುವುದೆಂದಾಯಿತು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಕಾರು ಹತ್ತುವ ಮೊದಲು ಚೀಲದ ಮುಂದೆ ನಿಂತರು. ಒಂದು ಕಾಯಿ ತೆಗೆದು ಮುರಿದು, ಮೂಸಿ, ನನ್ನ ಕೈಯಲ್ಲಿಟ್ಟು, 'ಎಷ್ಟರ ಮಟ್ಟಿಗಿ ಮಾಡ್ತೀಯೋ ನೋಡೂನು. ಕೆಟ್ರ ವರ್ಷಪೂರ್ತಿ ತಿನ್ನಾವರು ನಾವ' ಅಂದರು. ಬೇರೆಯವರಿಗೆ ಇದು ಬೆದರಿಕೆಯಂತೆ ಕೇಳಬಹುದು. ನನಗೆ ಮಾತ್ರ ಇದು ಇಷ್ಟು ವರ್ಷ ಬಾಗಿಲಲ್ಲೇ ನಿಂತವಳನ್ನು ಒಳಗೆ ಕರೆದಂತಿತ್ತು. ಈ ಖಾರ ಚೆನ್ನಾಗಿ ಬಂದರೆ ಸೌಟು ನನ್ನ ಕೈಗೆ ಬರುತ್ತದೆ, ಕೆಟ್ಟರೆ ಜೀವಮಾನವಿಡೀ ತುಂಬು ಬಿಡಿಸಿಕೊಂಡು ಕೂರಬೇಕು. ಇಷ್ಟು ಸ್ಪಷ್ಟವಾದ ಪರೀಕ್ಷೆ ನನಗೆ ಶಾಲೆಯಲ್ಲೂ ಬಂದಿರಲಿಲ್ಲ.

ರಜೆ ಹಾಕಿ ಸೆರಗು ಕಟ್ಟಿ ನಿಂತೆ. ಅತ್ತೆ ದೂರ ಇದ್ದರು ಅನ್ನುವುದು ಬರೀ ಹೆಸರಿಗೆ. ರಾಣೆಬೆನ್ನೂರಿನಿಂದ ಫೋನು ಬರುತ್ತಲೇ ಇತ್ತು. 'ಬಾಂಡಲಿ ಕಾದೇತೇನು? ಹವೀಜ ಕೆಂಪಗಾಗೂದು ಬ್ಯಾಡ, ಘಮ್ಮಂದ ಕೂಡ್ಲೆ ಇಳಸು.' ಘಮ್ಮಂದಿದ್ದು ನನಗೆ ಹೇಗೆ ತಿಳಿಯಬೇಕು? ಎರಡನೆಯ ದಿನಕ್ಕೆ ನನ್ನ ಮೂಗು ಕೆಲಸ ಬಿಟ್ಟಿತ್ತು. ಸೀನಿ ಸೀನಿ ತಲೆಯೊಳಗೆ ಏನೂ ಉಳಿದಿರಲಿಲ್ಲ. ನಾನು ಸೀನಿದರೆ ಹಾಲ್‌ನಲ್ಲಿ ಯಜಮಾನರು, ಅವರು ಸೀನಿದರೆ ಮಾಳಿಗೆಯ ಮೇಲೆ ಸಂಜನಾ, ಅವಳು ಸೀನಿದರೆ ಪಕ್ಕದ ಮನೆಯವರು. ಕೊನೆಗೆ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ತಲೆ ಹಾಕಿ, 'ಟೀಚರ್ರ ಮನ್ಯಾಗ ಖಾರ ಹತ್ತೇತಿ, ನಾವು ಎರಡು ದಿವಸ ಊರಿಗೆ ಹೋಗಿಬರ್ತೀವ್ರಿ' ಎಂದು ಹೇಳಿ ಬೀಗ ಹಾಕಿಕೊಂಡು ಹೋದರು. ಕೈ ಉರಿ ತಡೆಯದೆ ಎಣ್ಣೆ ಹಚ್ಚಿಕೊಂಡೆ, ಎಣ್ಣೆಯ ಕೈಯಿಂದ ಫೋನು ಜಾರಿ ಮೆಂತ್ಯದ ಪುಟ್ಟಿಯಲ್ಲಿ ಬಿತ್ತು. ಪುಟ್ಟಿಯೊಳಗಿನಿಂದಲೂ ಅತ್ತೆಯ ಧ್ವನಿ ಕೇಳುತ್ತಿತ್ತು, 'ಮೆಂತ್ಯ ಕಡಿಮಿ ಹಾಕು, ಕೈ ಬಿಗಿ ಹಿಡಿ.'

ಕಾಯಿ, ಮಸಾಲೆ ಎಲ್ಲ ಸಿದ್ಧವಾದ ಮೇಲೆ ಯಜಮಾನರನ್ನು ಖಾರದ ಗಿರಣಿಗೆ ಕಳಿಸಿದೆ. ಗಿರಣಿಯಲ್ಲಿ ಒಂದೇ ನಿಯಮ: ನಮ್ಮ ಖಾರ ಮಷೀನಿಗೆ ಬಿದ್ದು ಡಬ್ಬಿ ಸೇರುವವರೆಗೆ ಅಲ್ಲಿಂದ ಕದಲಬಾರದು. ಬೇಸಿಗೆಯಲ್ಲಿ ಅಲ್ಲಿ ಜಾತ್ರೆ ಸೇರಿದಷ್ಟು ಜನ. ಎಲ್ಲರದೂ ಒಂದೇ ಅಂಗಡಿಯ ಸ್ಟೀಲ್ ಡಬ್ಬಿ, ಎಲ್ಲಕ್ಕೂ ಸುತ್ತಿದ್ದು ಹಳೇ ಲುಂಗಿಯ ಬಟ್ಟೆ. 'ಏನ್ರಿ, ಯಾರ ಕೂಡಾನೂ ಮಾತಾಡಕ ಹೋಗಬ್ಯಾಡ್ರಿ' ಎಂದು ಬಾಗಿಲತನಕ ಬಂದು ಹೇಳಿದ್ದೆ. ಅವರು, 'ನಾ ಏನು ಸಣ್ಣ ಹುಡುಗನ?' ಎಂದು ಹೋದರು. ಸಂಜೆ ಡಬ್ಬಿ ಹೊತ್ತು ಬಂದರು. ಅವರ ಮೀಸೆಯ ತುದಿಯಲ್ಲಿ ಮಿರ್ಚಿ ಭಜಿಯ ಚೂರು ಅಂಟಿಕೊಂಡಿತ್ತು. ನಾನು ಅದನ್ನು ನೋಡಿದೆ, ಆದರೆ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮುಚ್ಚಳ ತೆಗೆದು ಬಣ್ಣ ನೋಡಿದೆ. ಕುಂಕುಮದಷ್ಟು ಕೆಂಪು. ವಾಸನೆ ತಿಳಿಯುವ ಸ್ಥಿತಿಯಲ್ಲಿ ನಾನಿರಲಿಲ್ಲ, ನಾಲಿಗೆಯಂತೂ ಆ ವಾರ ಸಕ್ಕರೆಯನ್ನೂ ಗುರುತಿಸುತ್ತಿರಲಿಲ್ಲ. ನನ್ನ ಕೈಗುಣಕ್ಕೆ ನಾನೇ ಬೆರಗಾದೆ.

ಮರುದಿನ ಅತ್ತೆ ಬಂದರು. ಕೈಕಾಲು ತೊಳೆದು, ಕಪ್ಪು ಕನ್ನಡಕದಲ್ಲೇ ತಾಟಿನ ಮುಂದೆ ಕೂತರು. ಬಿಸಿ ರೊಟ್ಟಿ ಹಾಕಿದೆ, ಖಾರ ಹಾಕಿ ಎಣ್ಣೆ ಬಿಟ್ಟೆ. ಯಜಮಾನರು ಪೇಪರ್ ಮಡಚಿಟ್ಟರು, ಸಂಜನಾ ಮೊಬೈಲ್ ಕೆಳಗಿಟ್ಟಳು. ಅತ್ತೆ ಒಂದು ತುತ್ತು ತಿಂದರು. ನಿಧಾನಕ್ಕೆ ಅಗಿದರು. ಕನ್ನಡಕದ ಹಿಂದೆ ಏನು ನಡೆಯುತ್ತಿದೆಯೋ ಗೊತ್ತಾಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, 'ಚೊಲೊ ಆಗೇತಿ ಗಿರಿಜಾ. ಭಾಳ ಚೊಲೊ ಆಗೇತಿ' ಅಂದರು. ಒಂದಲ್ಲ, ಎರಡು ಸಲ. ನಾನು ಅಡಿಗೆಮನೆಗೆ ಓಡಿಹೋಗಿ ಬೇಕಿಲ್ಲದಿದ್ದರೂ ನಲ್ಲಿ ಬಿಟ್ಟು ಕೈ ತೊಳೆದುಕೊಂಡೆ. ಅಳು ಬಂದರೆ ಖಾರದ ಮೇಲೆ ಹಾಕಬಹುದಾದ ಅನುಕೂಲ ಅವತ್ತು ಇತ್ತು.

'ಹಂಗಾರ ಬ್ಯಾಡಗಿಗಿ, ರಾಣೆಬೆನ್ನೂರಿಗೆ ಇವತ್ತ ಕಳಸೂನ್ರಿ' ಅಂದೆ. ಅತ್ತೆ, 'ಗಡಿಬಿಡಿ ಏನೈತಿ, ಮುಂದಿನ ವಾರ ನೋಡೂನು' ಅಂದರು. ಗೆದ್ದವಳಿಗೆ ತಡೆಯಲು ಆಗುತ್ತದೆಯೇ? ಎರಡು ಭರಣಿ ತುಂಬಿ, ಬೆಳಗಾಗುತ್ತಲೇ ಯಜಮಾನರನ್ನು ಎರಡೂ ಊರಿಗೆ ಓಡಿಸಿದೆ. ಸಂಜೆಯೊಳಗೆ ಫೋನುಗಳು ಬಂದವು. ಶೈಲಾ, 'ವೈನಿ, ಖಾರ ಅಂದ್ರ ಖಾರ, ನಮ್ಮವ್ವನ್ನೂ ಮೀರಿಸಿಬಿಟ್ರಿ' ಅಂದಳು. ಇಷ್ಟು ವರ್ಷದಲ್ಲಿ ನನ್ನ ಜೊತೆ ಫೋನಿನಲ್ಲಿ ಮಾತೇ ಆಡದ ಬ್ಯಾಡಗಿ ಮಾವ ತಾವೇ ಫೋನ್ ಮಾಡಿ, 'ಏನವಾ, ಕೈ ಭಾಳ ಚೊಲೊ ಐತಿ ನಿಂದು' ಎಂದು ಹೇಳಿ, ಮುಂದೆ ಏನು ಹೇಳಬೇಕೆಂದು ತಿಳಿಯದೆ ಇಟ್ಟುಬಿಟ್ಟರು. ಕೋರ್ಟಿನಲ್ಲಿ ವರ್ಷಗಟ್ಟಲೆ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವಳು ನಾನು. ಸುಳ್ಳು ಹೇಳುವವರನ್ನು ಧ್ವನಿಯ ಮೇಲೆಯೇ ಹಿಡಿಯುತ್ತೇನೆ ಎಂದು ಗೆಳತಿಯರ ಮುಂದೆ ಕೊಚ್ಚಿಕೊಳ್ಳುವುದೂ ಉಂಟು. ಅವತ್ತು ಆ ವಿದ್ಯೆ ಎಲ್ಲಿ ಹೋಗಿತ್ತೋ. ಹೊಗಳುವವರ ಮೇಲೆ ಅನುಮಾನ ಪಡುವಷ್ಟು ಕೆಟ್ಟವಳು ನಾನಲ್ಲ.

ಮೂರು ದಿನ ತಲೆ ಎತ್ತಿಕೊಂಡು ಓಡಾಡಿದೆ. ನಾಲ್ಕನೆಯ ದಿನ ಭಾನುವಾರ. ಬಾಗಿಲಲ್ಲಿ ಸ್ಕೂಟರ್ ನಿಂತಿತು. ಹಿಂದಿನ ಸೀಟಿನಿಂದ ಇಳಿದ ಹೆಣ್ಣುಮಗಳ ಮಡಿಲಲ್ಲಿ ಹಳೇ ಲುಂಗಿಯಲ್ಲಿ ಸುತ್ತಿದ ಸ್ಟೀಲ್ ಡಬ್ಬಿ. 'ನಾ ಶಾಂತಾ ಅಂತ್ರಿ, ಗುತ್ತಲ ರೋಡಿನ್ಯಾಗ ಮನಿ ಐತ್ರಿ. ಈ ಡಬ್ಬಿ ನಿಮ್ಮದೇನ್ರಿ?' ಎಂದು ತಳ ತಿರುಗಿಸಿ ತೋರಿಸಿದರು. ತೀರಿಕೊಂಡ ನಮ್ಮ ಮಾವನವರ, ಅಂದರೆ ಅತ್ತೆಯ ಗಂಡನ ಹೆಸರು ಕೊರೆದಿತ್ತು. ಖಾಲಿ ಮಾಡಿ ತೊಳೆಯಲು ಬೋರಲು ಹಾಕಿದಾಗ ಕಂಡಿತಂತೆ. ಗಿರಣಿಯವನನ್ನು ಕೇಳಿ ಮನೆ ಹುಡುಕಿಕೊಂಡು ಬಂದಿದ್ದರು. 'ನಿಮ್ಮ ಮಾಸ್ತರು ಭಜಿ ಅಂಗಡ್ಯಾಗ ನಮ್ಮನಿಯವ್ರ ಕೂಡ ಮಾತಾಡಕೋಂತ ನಿಂತಿದ್ರಂತ್ರಿ. ಇಬ್ಬರೂ ಓಡಿಬಂದು ಕೈಗೆ ಸಿಕ್ಕದ್ದು ಎತ್ಕೊಂಡಾರ' ಅಂದರು. ಸ್ಕೂಟರಿನ ಮೇಲೆ ಕೂತ ಗಂಡಸು ಹೆಲ್ಮೆಟ್ ತೆಗೆಯಲೇ ಇಲ್ಲ. ನಮ್ಮ ಗಂಡಸು ಬಚ್ಚಲಮನೆ ಸೇರಿ ಆಗಲೇ ಚಿಲಕ ಹಾಕಿಕೊಂಡಿದ್ದರು.

ಹಾಗಾದರೆ ಆ ಹೊಗಳಿಕೆಯೆಲ್ಲ ಈ ಶಾಂತಕ್ಕನದು. ನಾನು ಹುರಿದದ್ದು, ಸೀನಿದ್ದು, ಕೈ ಸುಟ್ಟುಕೊಂಡದ್ದು ಗುತ್ತಲ ರೋಡಿನಲ್ಲಿತ್ತು. ಶಾಂತಕ್ಕ ಒಳ್ಳೆಯ ಹೆಂಗಸು, ಚಹಾ ಕುಡಿದು, ಬೇರೆ ಡಬ್ಬಿಯಲ್ಲಿ ತುಂಬಿ ತಂದಿದ್ದ ನಮ್ಮ ಖಾರವನ್ನು ಒಪ್ಪಿಸಿದರು. ಹೊರಡುವಾಗ ಸೆರಗಿನ ತುದಿ ತಿರುವುತ್ತಾ, 'ತಪ್ಪು ತಿಳೀಬ್ಯಾಡ್ರಿ, ನಿಮ್ಮ ಖಾರ ಒಂದು ವಾಟಗ ನಾವು ಉಳಿಸ್ಕೊಂಡೇವಿ. ನಮ್ಮ ಮಾವಾರು ಕೊಡೂದಿಲ್ಲ ಅಂತ ಹಟ ಹಿಡದಾರ' ಅಂದರು. ಒಂದು ಬಟ್ಟಲು ಖಾರದ ಆ ಮಾತು ನನ್ನ ಮನಸ್ಸಿಗೆ ಇಳಿಯಲೇ ಇಲ್ಲ. ಅವರ ಖಾರದಲ್ಲಿ ಎರಡು ಭರಣಿ ಊರು ದಾಟಿದ್ದವಲ್ಲ, ಅದನ್ನು ವಾಪಸ್ ತರಿಸಬೇಕಿತ್ತು. ಕೊಟ್ಟ ಖಾರವನ್ನು ತಿರುಗಿ ಕೇಳುವ ಅವಮಾನ ಯಾವ ಸೊಸೆಗೂ ಬರಬಾರದು.

ಶೈಲಾಳಿಗೆ ಫೋನ್ ಮಾಡಿ ನಡೆದದ್ದು ಹೇಳಿ, ಎಷ್ಟು ಉಳಿದಿದೆಯೋ ಅಷ್ಟು ಕೊಡು ಅಂದೆ. 'ಪೂರ್ತಿ ಒಯ್ರಿ ವೈನಿ, ನಾವು ಮುಚ್ಚಳಾನ ತೆಗದಿಲ್ಲ' ಅಂದಳು. 'ಮತ್ತ ಅವತ್ತು ಅವ್ವನ್ನೂ ಮೀರಿಸಿಬಿಟ್ರಿ ಅಂದೆಲ್ಲ?' ಅವಳು ಮೊದಲು ನಕ್ಕು ತೇಲಿಸಲು ನೋಡಿದಳು. ಆಮೇಲೆ, 'ಅವ್ವ ಫೋನ್ ಮಾಡಿದ್ಲು ವೈನಿ. ಖಾರ ಹೆಂಗರ ಇರ್ಲಿ, ಚೊಲೊ ಆಗೇತಿ ಅನ್ನು, ಗಿರಿಜಾ ಭಾಳ ಕಷ್ಟಪಟ್ಟಾಳ ಅಂದ್ಲು' ಎಂದು ಒಪ್ಪಿಕೊಂಡಳು. ಬ್ಯಾಡಗಿ ಮಾವನದು ಇನ್ನೂ ನೇರ. 'ಮುಚ್ಚಳ ತಗದ ಕೂಡ್ಲೆ ಗೊತ್ತಾತವಾ, ಇದು ನಾ ಕಳಿಸಿದ ಕಾಯಿ ಅಲ್ಲ ಅಂತ. ಅಕ್ಕಗ ಹೇಳಿದ್ನಿ. ಬಾಯಿ ಮುಚ್ಕೊಂಡು ಚೊಲೊ ಐತಿ ಅನ್ನು ಅಂತ ಬೈದ್ಲು.'

ಸೀದಾ ಅತ್ತೆಯ ಮುಂದೆ ಹೋಗಿ ನಿಂತೆ. ಸಿಟ್ಟು ಬಂದಿತ್ತು, ಅವಮಾನವೂ ಆಗಿತ್ತು. 'ನಿಮಗೂ ಗೊತ್ತಿತ್ತೇನ್ರಿ?' ಅಂದೆ. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. 'ಮೊದಲನೇ ತುತ್ತಿಗೆ ಗೊತ್ತಾತು ನಮ್ಮನಿ ಖಾರ ಅಲ್ಲ ಅಂತ. ಹುರಿಯೂವಾಗ ಕಾಯಿ ಹೊತ್ತಿಸಿರಬೇಕು, ಅಂಜಿ ಪ್ಯಾಟ್ಯಾಗಿಂದ ತಂದು ಇಟ್ಟಾಳ ಅನ್ಕೊಂಡೆ. ವಾರಗಟ್ಲೆ ಬೆಂಕಿ ಮುಂದ ನಿಂತಾಕಿನ್ನ ಎಲ್ಲಾರ ಮುಂದ ನಿಲ್ಲಿಸಿ ಕೇಳಾಕ ಮನಸಾಗಲಿಲ್ಲ' ಅಂದರು. 'ಅದಕ್ಕ ಎರಡೆರಡು ಸಲ ಚೊಲೊ ಆಗೇತಿ ಅಂದ್ರೇನ್ರಿ?' ಎಂದು ಕೇಳಿದೆ. 'ಮಂದಿ ಮನಿ ಖಾರಕ್ಕ ಯಾರರ ತಪ್ಪು ಹುಡುಕಿ ಹೆಸರಿಡ್ತಾರೇನವಾ? ಚೊಲೊ ಐತಿ ಅಂತೀವಿ, ಕೈ ತೊಳಕೊಂಡು ಬರ್ತೀವಿ.'

ನನ್ನ ಸಿಟ್ಟು ಎಲ್ಲಿ ಹೋಯಿತೋ. ಸ್ವಂತ ಮಗನ ಪರವಾಗಿಯೂ ಒಂದು ಸುಳ್ಳು ಹೇಳದ ಈ ಹೆಂಗಸು ನನ್ನ ಮಾನ ಉಳಿಸಲು ಮಗಳ ಕೈಲೂ ತಮ್ಮನ ಕೈಲೂ ಸುಳ್ಳು ಹೇಳಿಸಿದ್ದರು. ಮೂರು ಊರು ಸೇರಿ ನನಗೆ ಸುಳ್ಳು ಹೇಳಿದ್ದವು. ಇಷ್ಟು ದಿನ ನನ್ನ ಬಗ್ಗೆ ಇವರಿಗೇನೂ ಅನ್ನಿಸುವುದಿಲ್ಲ ಎಂದು ಒಳಗೊಳಗೇ ಕೊರಗಿದವಳು ನಾನು. ಆ ಹೊತ್ತಿಗೆ ಅತ್ತೆಯ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ತಬ್ಬಿಕೊಳ್ಳಬೇಕು ಅನ್ನಿಸಿತು. ನಮ್ಮ ಮನೆಯಲ್ಲಿ ಅದೂ ಪದ್ಧತಿಯಲ್ಲ. ಹಾಗಾಗಿ ಚಹಾ ಮಾಡಿ ಕೊಟ್ಟೆ.

ಅತ್ತೆ ಚಹಾ ಬದಿಗಿಟ್ಟು, 'ಆ ಡಬ್ಬಿ ತಾ. ನೀ ಖರೇನ ಮಾಡಿದ್ದು ತಿಂದು ನೋಡೂನು' ಅಂದರು. ರೊಟ್ಟಿ ಹಾಕಿ, ಈ ಸಲ ನಾನೇ ಮಾಡಿದ ಖಾರ ಹಾಕಿದೆ. ಚಿಲಕ ತೆಗೆದು ಯಜಮಾನರೂ ಹೊರಬಂದು ದೂರದಲ್ಲಿ ನಿಂತರು. ಅತ್ತೆ ರೊಟ್ಟಿ ಮುರಿದು ಒಂದು ತುತ್ತು ತಿಂದರು. ಮುಖ ಗಂಟಿಕ್ಕಿತು. 'ಉಪ್ಪು ಎಷ್ಟು ಸುರದೀದಿ? ಮೆಂತ್ಯಕ್ಕ ಕೈ ಬಿಗಿ ಹಿಡಿ ಅಂತ ಬಡಕೊಂಡ್ನಿ. ಹವೀಜ ಇನ್ನಷ್ಟು ಹುರೀಬೇಕಿತ್ತು. ಬೆಳ್ಳುಳ್ಳಿ ಏನು ಮಾವನ ಮನಿಯಿಂದ ಬಿಟ್ಟೀ ಬಂದಿತ್ತೇನು?' ಬೈಗುಳ ನಿಲ್ಲಲಿಲ್ಲ. ಬೈಯುತ್ತಲೇ ಇನ್ನೊಂದು ಚಮಚ ಖಾರ ಹಾಕಿಕೊಂಡರು, ಎಣ್ಣೆ ಬಿಟ್ಟುಕೊಂಡರು. ಬೈಯುತ್ತಲೇ ಎರಡನೆಯ ರೊಟ್ಟಿ ಕೇಳಿದರು. ನಾನು ಓಡಿಹೋಗಿ ರೊಟ್ಟಿ ತಂದು ಹಾಕಿದೆ. ಸಂಜನಾ ನನ್ನ ಕಿವಿಯಲ್ಲಿ, 'ಮಮ್ಮಿ, ಅಜ್ಜಿ ಬೈಯಾಕತ್ತಾಳ. ನೀ ಪಾಸ್' ಅಂದಳು. ಅತ್ತೆ ತಾಟು ಒರೆಸಿ ತಿಂದು, 'ಮುಂದಿನ ವರ್ಷ ಉಪ್ಪು ನಾ ಹೇಳಿದಷ್ಟ ಹಾಕು' ಅಂದರು. ಆಮೇಲೆ, 'ಆ ಶಾಂತಾ ಬಾಯಿಲೆ ಹೊಗಳಿದ್ರ ನಾ ನಂಬತಿದ್ದಿಲ್ಲ. ವಾಟಗ ಉಳಿಸ್ಕೊಂಡ್ಲಲ್ಲ, ಅದು ಖರೇ' ಎಂದೂ ಸೇರಿಸಿದರು. ನನಗೆ ಬೇಕಾದ ತೀರ್ಪು ಅದರಲ್ಲಿ ಪೂರ್ತಿ ಇತ್ತು. ಮುಂದಿನ ವರ್ಷವೂ ನಾನೇ. ನಮ್ಮ ಮನೆಯ ಖಾರ ಎಂದು ಒಪ್ಪಿದ್ದಕ್ಕೇ ಅಲ್ಲವೇ ಅವರು ಅಷ್ಟು ಬೈದದ್ದು?

ಸಂಜೆ ಹೊಸ ಭರಣಿಗಳು ತುಂಬಿದವು. ಅತ್ತೆ ಎಲ್ಲರ ಮುಂದೆ ಸೌಟನ್ನು ನನ್ನ ಕಡೆ ತಳ್ಳಿ, 'ಇನ್ನ ಮ್ಯಾಲ ಮೂರೂ ಮನಿ ಖಾರ ಗಿರಿಜಾಂದ. ನಾ ಮಾಡಾಕಿ ಅಲ್ಲ' ಎಂದು ಘೋಷಿಸಿದರು. ಗೆದ್ದ ಹುಮ್ಮಸ್ಸಿನಲ್ಲಿ ಮೊದಲು ಶೈಲಾಳಿಗೆ ಫೋನ್ ಮಾಡಿದೆ. ಮಗಳಿಗೆ ಬರಬೇಕಾದದ್ದು ಸೊಸೆಗೆ ಬಂತಲ್ಲ, ಅವಳಿಗೆ ಎಲ್ಲಿ ನೋವಾಗುತ್ತದೋ ಎಂದು ಮೆತ್ತಗಿನ ಧ್ವನಿಯಲ್ಲಿ ವಿಷಯ ಹೇಳಿದೆ. ಅವಳು ಒಂದು ದೊಡ್ಡ ಉಸಿರು ಬಿಟ್ಟಳು. 'ದೇವರ ದಯಾ ವೈನಿ. ಅವ್ವ ಈ ಕೆಲಸ ನನಗ ಎಲ್ಲಿ ಹಚ್ತಾಳೋ ಅಂತ ನಾ ಇಷ್ಟು ವರ್ಷ ಜೀವ ಕೈಯಾಗ ಹಿಡಕೊಂಡು ಕುಂತಿದ್ನಿ' ಅಂದಳು. ಬ್ಯಾಡಗಿ ಮಾವನ ಹೆಂಡತಿಯೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಫೋನಿಟ್ಟು ನೋಡಿದೆ: ಅತ್ತೆ ಕಾಲು ಚಾಚಿ ಕೂತು, ಕನ್ನಡಕ ಏರಿಸಿಕೊಂಡು, ನಿಶ್ಚಿಂತೆಯಿಂದ ಟೀವಿ ನೋಡುತ್ತಿದ್ದರು. ಇಷ್ಟು ವರ್ಷ ನಾನು ಹೋರಾಡಿ ಗೆದ್ದ ಆ ಪಟ್ಟಕ್ಕೆ ನಾನೊಬ್ಬಳನ್ನು ಬಿಟ್ಟು ಬೇರೆ ಯಾರೂ ನಿಂತೇ ಇರಲಿಲ್ಲ.